ಬಣ್ಣ ನೋಡಿ ಹರಳಿನ ಅಳತೆ ಹೇಳುವುದು ಹೇಗೆ?

ಐದು ಚಿಕ್ಕ ಗಾಜಿನ ಸೀಸೆಗಳು. ಐದರಲ್ಲೂ ಇರುವುದು ಒಂದೇ ವಸ್ತು, ಕ್ಯಾಡ್ಮಿಯಮ್ ಸೆಲೆನೈಡ್ ಎಂಬ ಅರೆವಾಹಕದ (ಸೆಮಿಕಂಡಕ್ಟರ್) ಪುಟ್ಟ ಹರಳುಗಳು. ಇಂಥ ಹರಳುಗಳಿಗೆ ಕ್ವಾಂಟಮ್ ಡಾಟ್ ಎನ್ನುತ್ತಾರೆ. ನಕಲಿ ನೋಟು ಪತ್ತೆ ಮಾಡಲು ಅಂಗಡಿಗಳಲ್ಲಿ ಇಟ್ಟುಕೊಂಡಿರುತ್ತಾರಲ್ಲ, ಅಂಥ ಯುವಿ ಟಾರ್ಚನ್ನು ಕತ್ತಲಲ್ಲಿ ಇವುಗಳ ಮೇಲೆ ಬಿಟ್ಟರೆ ಒಂದು ನೀಲಿಯಾಗಿ ಹೊಳೆಯುತ್ತದೆ, ಪಕ್ಕದ್ದು ಹಸಿರು, ಆಮೇಲೆ ಹಳದಿ, ಕಿತ್ತಳೆ, ಕೊನೆಯದು ಕೆಂಡದಂಥ ಕೆಂಪು. ಯಾರೂ ಬಣ್ಣ ಬೆರೆಸಿಲ್ಲ. ಹರಳಿನ ಗಾತ್ರ ಮಾತ್ರ ಬೇರೆ. ನೀಲಿಯ ಕಡೆ ಸುಮಾರು 2 ನ್ಯಾನೋಮೀಟರ್, ಕೆಂಪಿನ ಕಡೆ ಸುಮಾರು 6. ಒಂದು ನ್ಯಾನೋಮೀಟರ್ ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು.

ಕಾಲೇಜಿನ ಮೈಕ್ರೋಸ್ಕೋಪಿಗೆ ಕಾಣದಷ್ಟು ಸಣ್ಣ ವಸ್ತುವಿನ ಅಳತೆಯನ್ನು ಅದರ ಬಣ್ಣವೇ ಹೇಳಿಬಿಡುತ್ತದೆ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಇದೇ. ಪೆನ್ನು, ಕಾಗದ, ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ, ಆ ಲೆಕ್ಕವನ್ನು ಒಟ್ಟಿಗೆ ಮಾಡೋಣ. ಹರಳನ್ನೇ ಮನೆಯಲ್ಲಿ ತಯಾರಿಸಲು ಮಾತ್ರ ಹೋಗಬೇಡಿ, ಕ್ಯಾಡ್ಮಿಯಮ್ ವಿಷ.

ಮೊದಲು ಕೊಡದ ಸದ್ದು ಕೇಳಿ

ನಲ್ಲಿ ಕೆಳಗೆ ಕೊಡ ಇಟ್ಟು ಒಳಗೆ ಕೆಲಸ ಮಾಡುತ್ತಿರುತ್ತೀರಿ. ತುಂಬುತ್ತಾ ಬಂತು ಅಂತ ಗೊತ್ತಾಗುವುದು ಕಿವಿಯಿಂದ, ಅಲ್ವಾ? ಮೊದಲು ದಪ್ಪ ಸದ್ದು. ನೀರು ಏರಿದ ಹಾಗೆ ಮೇಲೆ ಉಳಿದ ಗಾಳಿಯ ಜಾಗ ಚಿಕ್ಕದಾಗುತ್ತದೆ, ಸದ್ದು ಸಣ್ಣಗಾಗುತ್ತದೆ, ನೀವು ಓಡಿ ಬಂದು ನಲ್ಲಿ ನಿಲ್ಲಿಸುತ್ತೀರಿ. ಜಾಗ ಚಿಕ್ಕದಾದಷ್ಟೂ ಸ್ವರ ಏರುತ್ತದೆ.

ಎಲೆಕ್ಟ್ರಾನ್ ಕೂಡ ಅಲೆಯ ಹಾಗೆ ವರ್ತಿಸುತ್ತದೆ. ಪುಟ್ಟ ಹರಳಿನೊಳಗೆ ಸಿಕ್ಕಿಕೊಂಡಾಗ ಅದಕ್ಕೂ ಗಿಡ್ಡ ಅಲೆಯಾಗದೆ ಬೇರೆ ದಾರಿಯಿಲ್ಲ. ಅಲೆ ಗಿಡ್ಡವಾದರೆ ಶಕ್ತಿ ಜಾಸ್ತಿ. ಇಲ್ಲಿ ಏರಿಕೆ ತುಂಬ ಜೋರು. ಉದ್ದನೆಯ ಲೋಟದಲ್ಲಿ ಗಾಳಿಯ ಉದ್ದ ಅರ್ಧವಾದರೆ ಸ್ವರ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಎಲೆಕ್ಟ್ರಾನಿನ ಜಾಗ ಅರ್ಧವಾದರೆ ಈ ಸೆರೆಯ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ಹಾಗಾದರೆ ದೊಡ್ಡ ಹರಳಿನಲ್ಲಿ ಇದು ಯಾಕೆ ಕಾಣುವುದಿಲ್ಲ? ಬೆಳಕು ಬಿದ್ದಾಗ ಎಲೆಕ್ಟ್ರಾನ್ ಶಕ್ತಿ ಜಾಸ್ತಿಯಿರುವ ಮೇಲಿನ ಪಟ್ಟಿಗೆ (ಬ್ಯಾಂಡ್) ಹಾರುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗಕ್ಕೆ ಹೋಲ್ ಎನ್ನುತ್ತಾರೆ. ಈ ಜೋಡಿ ಒಂದನ್ನೊಂದು ಎಳೆದುಕೊಂಡೇ ಇರುತ್ತದೆ, ಆದರೂ ನಡುವೆ ಸ್ವಲ್ಪ ಅಂತರ ಬೇಕು. ಕ್ಯಾಡ್ಮಿಯಮ್ ಸೆಲೆನೈಡಿನಲ್ಲಿ ಆ ಅಂತರ ಐದಾರು ನ್ಯಾನೋಮೀಟರ್. ಹರಳಿನ ತ್ರಿಜ್ಯ ಅದಕ್ಕಿಂತ ಕಡಿಮೆಯಾದಾಗಲೇ ಗೋಡೆ, ಅಂದರೆ ಹರಳಿನ ಅಂಚು, ತಾಗಲು ಶುರು.

ಈಗ ಲೆಕ್ಕ

ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರಿನಲ್ಲಿ ಸೀಸೆ ಇಟ್ಟು, ಅದು ಯಾವ ತರಂಗಾಂತರದ ಬೆಳಕನ್ನು ಹೀರುತ್ತದೆ ಎಂದು ನೋಡಿ. ಅದು ಬರೆಯುವ ನಕ್ಷೆಯಲ್ಲಿ ಕೆಂಪಿನ ಕಡೆಯಿಂದ ಬರುವಾಗ ಸಿಗುವ ಮೊದಲ ದಿಬ್ಬವೇ ನಮಗೆ ಬೇಕಾದದ್ದು. ಅದು 600 ನ್ಯಾನೋಮೀಟರಿನಲ್ಲಿ ಸಿಕ್ಕಿತು ಎಂದಿಟ್ಟುಕೊಳ್ಳಿ.

1240 ಅನ್ನು (ತರಂಗಾಂತರವನ್ನು ಶಕ್ತಿಗೆ ಬದಲಿಸುವ ಸ್ಥಿರ ಸಂಖ್ಯೆ) 600ರಿಂದ ಭಾಗಿಸಿ. 2.07 ಬಂತು. ಇದು ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನದ ಲೆಕ್ಕದಲ್ಲಿ ಆ ಬೆಳಕಿನ ಶಕ್ತಿ.

ಇದರಿಂದ 1.74 ಕಳೆಯಿರಿ. ಅದು ಗಟ್ಟಿಯಾದ ದೊಡ್ಡ ಹರಳಿನ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನನ್ನು ಮೇಲಕ್ಕೆ ಎತ್ತಲು ಬೇಕಾದ ಕನಿಷ್ಠ ಶಕ್ತಿ. ಉಳಿದದ್ದು 0.33. ಈ ಪುಟ್ಟ ಉಳಿಕೆಯೇ ಇಕ್ಕಟ್ಟಿನ ಗುರುತು.

ಮುಂದೆ ತೂಕ ಬೇಕು. ಈ ಹರಳಿನೊಳಗೆ ಎಲೆಕ್ಟ್ರಾನ್ ತುಂಬ ಹಗುರ, ಹೊರಗಿನದರ 0.13 ಪಾಲು ಮಾತ್ರ. ಹೋಲ್ 0.45 ಪಾಲು. ಹಗುರವಾದಷ್ಟೂ ಇಕ್ಕಟ್ಟು ಜಾಸ್ತಿ ತಟ್ಟುತ್ತದೆ. ಒಂದನ್ನು 0.13ರಿಂದ ಭಾಗಿಸಿದರೆ 7.7, 0.45ರಿಂದ ಭಾಗಿಸಿದರೆ 2.2, ಕೂಡಿಸಿದರೆ 9.9. ಇದನ್ನು 0.376ರಿಂದ ಗುಣಿಸಿ (1 ನ್ಯಾನೋಮೀಟರ್ ತ್ರಿಜ್ಯದ ಗೋಲದಲ್ಲಿ ಸಾಮಾನ್ಯ ಎಲೆಕ್ಟ್ರಾನಿಗೆ ಇರುವ ಶಕ್ತಿ ಅದು). ಸುಮಾರು 3.7 ಬರುತ್ತದೆ.

ಜಾಗ ಅರ್ಧವಾದರೆ ಶಕ್ತಿ ನಾಲ್ಕು ಪಟ್ಟು ಅಂದೆವಲ್ಲ, ಅದಕ್ಕೇ ಇಲ್ಲಿ ವರ್ಗಮೂಲ: 3.7 ಅನ್ನು 0.33ರಿಂದ ಭಾಗಿಸಿ ವರ್ಗಮೂಲ ತೆಗೆದರೆ 3.35. ಇದು ತ್ರಿಜ್ಯ. ಆದರೆ ಜೋಡಿಯ ಎಳೆತವನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಅದು ಶಕ್ತಿಯನ್ನು ಸುಮಾರು 0.07ರಷ್ಟು ತಗ್ಗಿಸಿರುತ್ತದೆ, ಹಾಗಾಗಿ ಅದನ್ನು 0.33ಕ್ಕೆ ವಾಪಸ್ ಸೇರಿಸಿ ಇನ್ನೊಮ್ಮೆ ಮಾಡಿ. ತ್ರಿಜ್ಯ 3ರ ಹತ್ತಿರ, ವ್ಯಾಸ ಸುಮಾರು 6 ನ್ಯಾನೋಮೀಟರ್.

ಈ ಸೂತ್ರಕ್ಕೆ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿದ್ದ ಲೂಯಿ ಬ್ರೂಸ್ ಅವರ ಹೆಸರಿದೆ. ಅವರು ದ್ರಾವಣದಲ್ಲಿ ಕ್ಯಾಡ್ಮಿಯಮ್ ಸಲ್ಫೈಡ್ ಕಣಗಳನ್ನು ಮಾಡಿ ಮೇಜಿನ ಮೇಲೆ ಬಿಟ್ಟಿದ್ದರು. ಒಂದು ದಿನ ಕಳೆದ ಮೇಲೆ ನೋಡಿದರೆ ಅದೇ ದ್ರಾವಣ ಬೆಳಕನ್ನು ಹೀರುವ ರೀತಿ ಬದಲಾಗಿತ್ತು. ಹೊಸದರಲ್ಲಿ ಕಣಗಳು ಸುಮಾರು 4.5 ನ್ಯಾನೋಮೀಟರ್, ಹಳೆಯದರಲ್ಲಿ ಬೆಳೆದು 12.5 ಆಗಿದ್ದವು. 1983ರಲ್ಲಿ ಇದನ್ನು ಪ್ರಕಟಿಸಿದರು. ಅದಕ್ಕೂ ಮೊದಲು, 1981ರಲ್ಲಿ, ಸೋವಿಯತ್ ಒಕ್ಕೂಟದಲ್ಲಿ ಅಲೆಕ್ಸೈ ಎಕಿಮೋವ್ ಬಣ್ಣದ ಗಾಜಿನೊಳಗೆ ಇದನ್ನೇ ಕಂಡಿದ್ದರು. ತಾಮ್ರದ ಕ್ಲೋರೈಡ್ ಸೇರಿಸಿದ ಗಾಜನ್ನು 500ರಿಂದ 700 ಡಿಗ್ರಿ ಬಿಸಿಯಲ್ಲಿ, ಒಂದು ಗಂಟೆಯಿಂದ 96 ಗಂಟೆವರೆಗೆ ಬೇರೆ ಬೇರೆ ಹೊತ್ತು ಇಟ್ಟು, ಒಳಗೆ ಮೂಡಿದ ಹರಳುಗಳನ್ನು ಎಕ್ಸ್-ರೇಯಿಂದ ಅಳೆದರು. ಚಿಕ್ಕ ಹರಳಿದ್ದ ಗಾಜು ನೀಲಿಯ ಕಡೆಗೆ ಸರಿದ ಬೆಳಕನ್ನು ಹೀರುತ್ತಿತ್ತು. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಉತ್ತರ ಎಷ್ಟು ಸರಿ?

ಪೂರ್ತಿ ಸರಿಯಿಲ್ಲ, ಇದನ್ನು ಮುಚ್ಚಿಡಬಾರದು. 600ರಲ್ಲಿ ಹೀರುವ ಹರಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಅಳೆದರೆ ಸಿಗುವುದು ಸುಮಾರು ನಾಲ್ಕೂವರೆ ನ್ಯಾನೋಮೀಟರ್, ಅಂದರೆ ಒಂದೂವರೆ ಎರಡು ಸಾವಿರ ಪರಮಾಣುಗಳ ಗುಂಪು. ನಮ್ಮ ಲೆಕ್ಕ 6 ಅಂದಿತು. ಯಾಕೆಂದರೆ ನಾವು ಗೋಡೆಯನ್ನು ಎಷ್ಟು ಎತ್ತರ ಅಂದರೆ ಎಲೆಕ್ಟ್ರಾನ್ ಅಲೆ ಅದರಾಚೆ ಇಣುಕಲೂ ಆಗದು ಎಂದುಕೊಂಡೆವು. ನಿಜದಲ್ಲಿ ಅಲೆ ಸ್ವಲ್ಪ ಹೊರಗೆ ಚಾಚಿಕೊಳ್ಳುತ್ತದೆ, ಶಕ್ತಿ ಹೆಚ್ಚಿದ ಹಾಗೆ ಎಲೆಕ್ಟ್ರಾನಿನ ತೂಕವೂ ಏರುತ್ತದೆ. ಹರಳು ಚಿಕ್ಕದಾದಷ್ಟೂ ಈ ತಪ್ಪು ದೊಡ್ಡದು. ಅದಕ್ಕೇ ಪ್ರಯೋಗಾಲಯಗಳಲ್ಲಿ, ಮೈಕ್ರೋಸ್ಕೋಪಿನ ಅಳತೆ ಮತ್ತು ಮೊದಲ ದಿಬ್ಬ ಎರಡನ್ನೂ ಜೋಡಿಸಿ ಮೊದಲೇ ಬರೆದಿಟ್ಟ ರೇಖೆಯನ್ನು ನೋಡಿ ಗಾತ್ರ ಹೇಳುತ್ತಾರೆ. ಆದರೂ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿದವರಿಗೆ ಆ ರೇಖೆ ಯಾಕೆ ಹಾಗೆ ಬಾಗುತ್ತದೆ ಎಂದು ಗೊತ್ತಿರುತ್ತದೆ.

ದಿಬ್ಬದ ಅಗಲವನ್ನೂ ನೋಡಿ

ದಿಬ್ಬ ಚೂಪಾಗಿದ್ದರೆ ಹರಳುಗಳೆಲ್ಲ ಒಂದೇ ಅಳತೆ. ಹರಡಿಕೊಂಡಿದ್ದರೆ ದಪ್ಪ ಸಣ್ಣ ಎಲ್ಲ ಬೆರೆತಿವೆ, ಬಣ್ಣವೂ ಮಂಕು. ಒಂದೇ ಅಳತೆ ತರುವುದು ತುಂಬ ಕಷ್ಟವಿತ್ತು. 1993ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮೌಂಗಿ ಬವೆಂಡಿ ಮತ್ತು ಅವರ ವಿದ್ಯಾರ್ಥಿಗಳು ದಾರಿ ಕಂಡುಕೊಂಡರು. ಸುಮಾರು 300 ಡಿಗ್ರಿ ಬಿಸಿ ದ್ರವಕ್ಕೆ ಸಿರಿಂಜಿನಿಂದ ಕಚ್ಚಾ ರಾಸಾಯನಿಕಗಳನ್ನು ಒಂದೇ ಸಲ ಸುರಿದರು. ಹರಳಿನ ಬೀಜಗಳೆಲ್ಲ ಒಟ್ಟಿಗೆ ಹುಟ್ಟಿದವು. ತಣ್ಣನೆಯದು ಬಿದ್ದು ಬಿಸಿ ಇಳಿದದ್ದರಿಂದ ಹೊಸ ಬೀಜ ಹುಟ್ಟುವುದು ನಿಂತಿತು. ಮತ್ತೆ ನಿಧಾನಕ್ಕೆ ಬಿಸಿ ಏರಿಸಿದಾಗ ಎಲ್ಲ ಸಮನಾಗಿ ಬೆಳೆದವು. ಇಂಥ ಫ್ಲಾಸ್ಕಿನ ಮುಂದೆ ನಿಂತರೆ ಬಣ್ಣ ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕೆಂಪಿಗೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಬೇಕಾದ ಬಣ್ಣ ಬಂದ ತಕ್ಷಣ ಒಲೆ ತೆಗೆದರಾಯಿತು. 2023ರ ರಸಾಯನಶಾಸ್ತ್ರದ ನೊಬೆಲ್ ಈ ಮೂವರಿಗೇ ಬಂತು: ಬವೆಂಡಿ, ಬ್ರೂಸ್, ಎಕಿಮೋವ್.

ಹರಳು ಬೆಳಕು ಹೀರಿದರೆ ಸಾಲದು, ವಾಪಸ್ ಕೊಡಬೇಕು. ಮೈಮೇಲಿನ ಅರೆಬರೆ ಬಂಧಗಳಲ್ಲಿ ಎಲೆಕ್ಟ್ರಾನ್ ಸಿಕ್ಕಿಬಿದ್ದರೆ ಬೆಳಕು ಹೊರಬರದೆ ಶಾಖವಾಗಿ ಹೋಗುತ್ತದೆ. ಅದಕ್ಕೆ ಸತುವಿನ ಸಲ್ಫೈಡಿನ ತೆಳ್ಳಗಿನ ಚಿಪ್ಪು ಹೊದಿಸುತ್ತಾರೆ. ಹೊರಬರುವ ಬೆಳಕು ಹೀರಿದ್ದಕ್ಕಿಂತ ಸ್ವಲ್ಪ ಕೆಂಪಿನ ಕಡೆಗೇ ಇರುತ್ತದೆ. ಆದ್ದರಿಂದ ಹೊಳೆಯುವ ಬಣ್ಣವನ್ನು ನೇರ ಲೆಕ್ಕಕ್ಕೆ ಹಾಕಬೇಡಿ, ಹೀರುವ ದಿಬ್ಬವನ್ನೇ ಬಳಸಿ.

ಮನೆಯಲ್ಲೇ ನೋಡಬೇಕೆಂದರೆ ಕ್ವಾಂಟಮ್ ಡಾಟ್ ಇರುವ ಟಿವಿಯ ಮುಂದೆ ಕೂರಿ. ಹಿಂದೆ ಉರಿಯುವುದು ನೀಲಿ ಎಲ್‌ಇಡಿ. ಮುಂದಿನ ಹಾಳೆಯಲ್ಲಿರುವ ಹರಳುಗಳು ಆ ನೀಲಿಯ ಒಂದು ಪಾಲನ್ನು ಹೀರಿ ಹಸಿರು ಮತ್ತು ಕೆಂಪಾಗಿ ಕೊಡುತ್ತವೆ. ಕ್ಯಾಡ್ಮಿಯಮ್ ಬಿಟ್ಟು ಇಂಡಿಯಮ್ ಫಾಸ್ಫೈಡ್ ಬಳಸುವ ಟಿವಿಗಳಲ್ಲಿ ಆ ಹಸಿರೂ ಕೆಂಪೂ ಒಂದೇ ವಸ್ತುವಿನ ಎರಡು ಅಳತೆಗಳು.