ಒಪ್ಪಂದದ ಮೇಜಿಗೆ ಉಣುಗು ತಂದಿದ್ದು: ಶಿವಮೊಗ್ಗದಲ್ಲಿ ನನ್ನ ಅನುಭವ

ಅಣಕು ಸಂಸತ್ತು ನಡೆಸಿದ ಮೇಷ್ಟ್ರುಗಳಿಗೆ ಇದರ ಅರ್ಧ ಕೆಲಸ ಗೊತ್ತೇ ಇದೆ. ಹಾಗಾಗಿ ಕುರ್ಚಿ, ನಾಮಫಲಕ, ಗಂಟೆ ಬಾರಿಸೋದು ಎಲ್ಲ ಬಿಡುತ್ತೇನೆ. ನಾನು ಮಾಡಿಸಿದ್ದು ಅಣಕು ಒಪ್ಪಂದ. ಹೊಸ ತಂತ್ರಜ್ಞಾನ ಬಂದಿದೆ ಅಂತ ಇಟ್ಟುಕೊಂಡು, ಮಕ್ಕಳು ವಿಜ್ಞಾನಿಗಳೂ ರಾಜತಾಂತ್ರಿಕರೂ ಆಗಿ ಕೂತು ಅದಕ್ಕೆ ನಿಯಮ ಬರೆಯಬೇಕು. ಬಿಎಸ್ಸಿ ಮತ್ತು ಬಿಎ ಮಕ್ಕಳನ್ನು ಒಟ್ಟಿಗೆ ಕೂರಿಸಿದರೆ ಜಗಳವೂ ಆಗಲ್ಲ, ಒಪ್ಪಂದವೂ ಆಗಲ್ಲ ಅಂದವರು ಜಾಸ್ತಿ. ಎರಡೂ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೃತಕ ಬುದ್ಧಿಮತ್ತೆ ತೆಗೆದುಕೊಂಡೆವು. 2023ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನಲ್ಲಿ 28 ದೇಶಗಳು ಮತ್ತು ಐರೋಪ್ಯ ಒಕ್ಕೂಟ ಒಪ್ಪಿದ ಘೋಷಣೆಯೇ ಮಾದರಿ. ಅರ್ಧ ಗಂಟೆಯೊಳಗೆ ಎಲ್ಲರೂ ತಲೆಯಾಡಿಸಿಬಿಟ್ಟರು. 'ಸುರಕ್ಷಿತವಾಗಿರಬೇಕು, ಎಲ್ಲರಿಗೂ ಒಳ್ಳೆಯದಾಗಬೇಕು.' ಯಾರ ಜೇಬಿಗೂ ಕೈ ಹಾಕದ ಮಾತಿಗೆ ಯಾರು ಬೇಡ ಅಂತಾರೆ? ಹವಾಮಾನದ ಸುತ್ತು ಇನ್ನೂ ಸಪ್ಪೆ. ಫೋನಿನಿಂದ ಭಾಷಣ ಓದಿದರು, ಮುಗೀತು.

ದುಡ್ಡೂ ಹೋಯಿತು. ಸಭಾಂಗಣದ ಬಾಡಿಗೆ, ಫ್ಲೆಕ್ಸ್, ಹೊರಗಿನ ಭಾಷಣಕಾರರ ಕಾರಿನ ಬಾಡಿಗೆ, ಊಟ ಸೇರಿ 12 ಸಾವಿರದ ಹತ್ತಿರ. 5 ಸಾವಿರ ಕೊಡ್ತೀನಿ ಅಂದಿದ್ದ ಪ್ರಾಯೋಜಕರು ಆಮೇಲೆ ಫೋನೇ ಎತ್ತಲಿಲ್ಲ. ನನ್ನ ಸಂಬಳದಲ್ಲೇ ಹೋಯಿತು. ಈಗ ಫ್ಲೆಕ್ಸ್ ಇಲ್ಲ, ಭಾಷಣಕಾರರಿಲ್ಲ. ಜೆರಾಕ್ಸ್, ಟೀ, ಮಂಡಕ್ಕಿಗೆ ಅಂತ 3 ಸಾವಿರದೊಳಗೆ ಎರಡು ದಿನ ನಡೆಯುತ್ತದೆ.

ತಿರುವು ಸಿಕ್ಕಿದ್ದು ನಮ್ಮದೇ ಜಿಲ್ಲೆಯ ಮಂಗನ ಕಾಯಿಲೆಯಿಂದ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಜಗತ್ತಿಗೆ ಗೊತ್ತಾಗಿದ್ದು 1957ರಲ್ಲಿ. ಮಂಗಗಳು ಸಾಯುತ್ತಿದ್ದಾಗ ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತೇನೋ ಅಂತ ಭಯವಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಆ ಕೇಂದ್ರದ ಹಿಂದೆ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಜೊತೆ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಇತ್ತು. ಸಿಕ್ಕಿದ ವೈರಸ್ಸು ರಷ್ಯಾದ ಕಾಡಿನ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ. ಶೀತಲ ಸಮರದ ಕಾಲದಲ್ಲಿ ನಮ್ಮ ಕಾಡಲ್ಲೇ ಇಷ್ಟೆಲ್ಲ ಸೇರಿತ್ತು ಅಂದಾಗ ಮಕ್ಕಳು ಮೊದಲ ಸಲ ಪೆನ್ನು ಕೆಳಗಿಟ್ಟು ಕೇಳಿದರು.

ಸನ್ನಿವೇಶ ಹೀಗೆ. ಮಂಗನ ಕಾಯಿಲೆ ಹರಡುವ, ರಕ್ತ ಹೀರುವ ಉಣುಗನ್ನು ಕಡಿಮೆ ಮಾಡಲು ಜೀನ್ ಡ್ರೈವ್, ಅಂದರೆ ತಿದ್ದಿದ ಜೀನ್ ಹೆಚ್ಚುಕಡಿಮೆ ಎಲ್ಲ ಮರಿಗಳಿಗೂ ದಾಟುತ್ತ ಹೋಗುವಂತೆ ಮಾಡುವ ತಂತ್ರ, ಬಂದಿದೆ ಅಂತ ಇಟ್ಟುಕೊಳ್ಳಿ. ಅಂಥ ಉಣುಗು ಈಗ ಎಲ್ಲೂ ಇಲ್ಲ, ಇದು ಕಲ್ಪನೆ. ಅದನ್ನು ಕಾಡಿಗೆ ಬಿಡೋಣ ಅಂತ ಕರ್ನಾಟಕ ಅನ್ನುತ್ತದೆ. ಕೇರಳ, ಗೋವಾ, ಮಹಾರಾಷ್ಟ್ರದಲ್ಲೂ ಕಾಯಿಲೆ ಇದೆ, ಉಣುಗಿಗೆ ಗಡಿ ಗೊತ್ತಿಲ್ಲ. ನಾಲ್ಕೂ ರಾಜ್ಯಗಳನ್ನು ನಾಲ್ಕು ದೇಶ ಮಾಡಿದೆ. ಪ್ರತಿ ದೇಶಕ್ಕೆ ಒಬ್ಬ ವಿಜ್ಞಾನಿ, ಒಬ್ಬ ರಾಜತಾಂತ್ರಿಕ, ಇಬ್ಬರಿಗೂ ಸೇರಿ ಒಂದೇ ಪೆನ್ನು. ರಾಜತಾಂತ್ರಿಕ ವಿಜ್ಞಾನವನ್ನು ತನ್ನ ಮಾತಲ್ಲಿ ಹೇಳುವವರೆಗೆ ಸಹಿ ಇಲ್ಲ. ವಿಜ್ಞಾನಿ 'ಎದುರಿನವರಿಗೆ ಏನು ಬೇಕು' ಅಂತ ಹೇಳುವವರೆಗೂ ಇಲ್ಲ. ಹಿಂದಿನ ಸುತ್ತುಗಳಲ್ಲಿ ವಿಜ್ಞಾನಿಗಳು ವರದಿ ಓದಿ ಎದ್ದು ಹೋಗುತ್ತಿದ್ದರು. ಕೆಲಸ ಕೆಡುತ್ತಿದ್ದುದೇ ಅಲ್ಲಿ.

ಆಟದಲ್ಲಿ ಹಣದ ಬದಲು ಅಡಿಕೆ. ಕಾವಲು, ಪರೀಕ್ಷೆ, ಪರಿಹಾರಕ್ಕೆ ಎಣಿಸಿ ಮೇಜಿನ ಮೇಲಿಡಬೇಕು. ಇದು ಸುಮ್ನೆ ಅಲಂಕಾರಕ್ಕಲ್ಲ. ಓಜೋನ್ ಉಳಿಸುವ ಮಾಂಟ್ರಿಯಲ್ ಒಪ್ಪಂದ 1987ರಲ್ಲೇ ಆಗಿತ್ತು, ಭಾರತ ಸೇರಿದ್ದು 1992ರಲ್ಲಿ. ಅದಕ್ಕೆ ಮುಂಚೆ 1990ರಲ್ಲಿ ಲಂಡನ್ನಿನಲ್ಲಿ ಬಡ ದೇಶಗಳಿಗಾಗಿ ನಿಧಿ ಆಗಬೇಕಾಯಿತು. ಇದನ್ನು ಹೇಳಿದ ಮೇಲೆ ಗೋವಾದ ಹುಡುಗಿ ತನ್ನ ಅಡಿಕೆ ಮುಚ್ಚಿಟ್ಟುಕೊಂಡು ಕೂತಳು. ಅಲ್ಲಿಂದ ನಿಜವಾದ ಜಗಳ ಶುರು.

ಎರಡನೇ ದಿನ ಮಧ್ಯಾಹ್ನ ಒಂದು ಲಕೋಟೆ ಬರುತ್ತದೆ. ಒಳಗೆ ಹೊಸ ಅಂಕಿಅಂಶ, ಬರೆದ ಕರಡಿನ ಅರ್ಧ ಉರುಳುತ್ತದೆ. ಒಳಗೆ ಏನಿದೆ, ಯಾರ ಕೈಗೆ ಮೊದಲು ಕೊಡುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಮುಂದಿನ ತಂಡ ಓದಿಬಿಟ್ಟರೆ ಆಟವೇ ಕೆಟ್ಟಿತು, ಅಲ್ವಾ? ಪರಿಣಾಮ ಮಾತ್ರ ಹೇಳುತ್ತೇನೆ. ಮಕ್ಕಳು ತಾವಾಗಿಯೇ 'ವಿಜ್ಞಾನ ಬದಲಾದರೆ ಮಿತಿಯೂ ಬದಲಾಗಬೇಕು' ಅಂತ ಷರತ್ತು ಸೇರಿಸಿದರು. ಮಾಂಟ್ರಿಯಲ್ ಗೆದ್ದಿದ್ದೂ ಹಾಗೇ. ಮೊದಲು ಓಜೋನ್ ಕೆಡಿಸುವ ಸಿಎಫ್‌ಸಿ ಅನಿಲಗಳನ್ನು ಅರ್ಧಕ್ಕಿಳಿಸುವ ಗುರಿ ಇತ್ತು. ಲಂಡನ್ನಿನಲ್ಲಿ ಅದು 2000ದೊಳಗೆ ಪೂರ್ತಿ ನಿಲ್ಲಿಸುವುದಾಯಿತು.

ಪಕ್ಕದ ಪ್ರಯೋಗಗಳನ್ನೂ ಮಾಡಿದೆ. ಅಧ್ಯಕ್ಷರನ್ನೇ ತೆಗೆದು ನೋಡಿದೆ, ಗದ್ದಲವಷ್ಟೇ. ಹಳ್ಳಿಯ ಆಶಾ ಕಾರ್ಯಕರ್ತೆಯೊಬ್ಬರನ್ನು ಸ್ಥಳೀಯರ ಪರವಾಗಿ ಕೂರಿಸಿದ್ದು ಮಾತ್ರ ಬಂಗಾರ. "ಬಿಟ್ಟ ಮೇಲೆ ಬೇಡ ಅನ್ನಿಸಿದ್ರೆ ವಾಪಸ್ ಹಿಡಿಯಕ್ಕಾಗತ್ತಾ?" ಅಂತ ಅವರು ಕೇಳಿದರು. ಇಡೀ ಕೋಣೆ ಸುಮ್ಮನಾಯಿತು. 2018ರ ಜೀವವೈವಿಧ್ಯ ಸಮ್ಮೇಳನದಲ್ಲಿ ದೇಶಗಳು ಜೀನ್ ಡ್ರೈವ್ ಬಗ್ಗೆ ಎಚ್ಚರಿಕೆಯ ದಾರಿ ಹಿಡಿದಿದ್ದಕ್ಕೂ, ಸ್ಥಳೀಯ ಸಮುದಾಯಗಳ ಒಪ್ಪಿಗೆಯ ಮಾತು ತಂದಿದ್ದಕ್ಕೂ ಇಂಥ ಪ್ರಶ್ನೆಯೂ ಒಂದು ಕಾರಣ. 1970ರ ದಶಕದಲ್ಲಿ ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ನಡೆದ, ಸೊಳ್ಳೆಗಳ ಸಂತತಿ ಇಳಿಸುವ ಪ್ರಯೋಗವೂ ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಅನುಮಾನ ಎದ್ದು 1975ರಲ್ಲಿ ನಿಂತಿತು. ನಂಬಿಕೆ ಗಳಿಸುವ ಕೆಲಸ ಮೊದಲೇ ಆಗಬೇಕು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕೊನೆಗೆ ಎರಡು ಪುಟದ ಒಪ್ಪಂದವಾಯಿತು. ಒಂದು ದ್ವೀಪದಲ್ಲಿ ಮೊದಲ ಪರೀಕ್ಷೆ, ಪ್ರತಿ ಹಂತದಲ್ಲೂ ಗ್ರಾಮಸಭೆಯ ಒಪ್ಪಿಗೆ, ನಾಲ್ಕೂ ಕಡೆಯ ವಿಜ್ಞಾನಿಗಳ ಜಂಟಿ ಕಾವಲು. ಮಹಾರಾಷ್ಟ್ರ ಸಹಿ ಹಾಕಲಿಲ್ಲ. ಹಾಕದಿದ್ದುದಕ್ಕೆ ಕೊಟ್ಟ ಕಾರಣ ಸಹಿ ಹಾಕಿದವರ ಮಾತಿಗಿಂತ ಗಟ್ಟಿಯಾಗಿತ್ತು. ಆಗಲ್ಲ ಅಂದಿದ್ದ ಸಹೋದ್ಯೋಗಿ ಮಾರನೇ ವಾರವೇ ಫೈಲು ಕೇಳಿದರು, ಲಕೋಟೆ ಬಿಟ್ಟು ಉಳಿದದ್ದೆಲ್ಲ ಕೊಟ್ಟೆ.

ಮುಂದಿನ ಸುತ್ತಿಗೆ ಪಶುವೈದ್ಯರೊಬ್ಬರು ಬೇಕು. ಕಾಡಿಗೆ ಮೇಯಲು ಹೋಗುವ ದನಗಳ ಮೇಲೆ ಉಣುಗು ಬೆಳೆಯುತ್ತದೆ, ದನದ ಯಜಮಾನರಿಗೆ ಈ ಮೇಜಿನಲ್ಲಿ ಇನ್ನೂ ಕುರ್ಚಿ ಇಲ್ಲ. ಖರ್ಚು 500 ರೂಪಾಯಿ ಜಾಸ್ತಿ ಆಗಬಹುದು.