ಹಳೆಯ, ಹೊಸ ಸೋಲಾರ್ ಪ್ಯಾನೆಲ್‌ಗಳನ್ನು ಒಂದೇ ಬ್ಯಾಟರಿಗೆ ಜೋಡಿಸುವ ಬಗೆ

ಮಲೆನಾಡಿನ ಒಂಟಿ ಮನೆಗಳಿಗೆ ಸೋಲಾರ್ ಬರುವುದು ಕಂತುಕಂತಾಗಿ. ಮೊದಲು ದೀಪಕ್ಕೆಂದು 100 ವ್ಯಾಟ್‌ನ ಎರಡು ಪ್ಯಾನೆಲ್‌ಗಳು ಬರುತ್ತವೆ. ಐದಾರು ವರ್ಷ ಕಳೆದ ಮೇಲೆ ಫ್ರಿಜ್‌ಗೆ ಅದು ಸಾಲದೆಂದು 330 ವ್ಯಾಟ್‌ನ ದೊಡ್ಡದೊಂದನ್ನು ತರುತ್ತೇವೆ. ನಮ್ಮ ತೋಟದ ಮನೆಯ ಮಾಡಿನ ಮೇಲಿರುವುದೂ ಇವೇ ಮೂರು. ಒಟ್ಟು 530 ವ್ಯಾಟ್ ಆಯಿತೆಂದು ಲೆಕ್ಕ ಹಾಕುವುದು ಸಹಜ; ಆದರೆ ತಂತಿ ಜೋಡಿಸುವ ಕ್ರಮ ತಪ್ಪಿದರೆ ಅದು 360ಕ್ಕೆ ಇಳಿಯುತ್ತದೆ.

ಕೆಲಸಕ್ಕೆ ಕೈಹಾಕುವ ಮೊದಲು ಪ್ರತಿ ಪ್ಯಾನೆಲ್‌ನ ಹಿಂಬದಿಯ ಚೀಟಿಯನ್ನು ಒರೆಸಿ ಓದಬೇಕು. ಅಂಗಡಿಯವರು ಹೇಳುವ ‘12 ವೋಲ್ಟ್’, ‘24 ವೋಲ್ಟ್’ ಎಂಬ ಮಾತು ಬ್ಯಾಟರಿಗೆ ಸಂಬಂಧಿಸಿದ್ದೇ ಹೊರತು ಪ್ಯಾನೆಲ್ ಕೊಡುವ ವೋಲ್ಟೇಜ್ ಅಲ್ಲ. 36 ಕೋಶಗಳ 100 ವ್ಯಾಟ್ ಪ್ಯಾನೆಲ್ ಕೆಲಸ ಮಾಡುವ ವೋಲ್ಟೇಜ್, ಅಂದರೆ ವಿಎಂಪಿ, ಸುಮಾರು 18; ತಂತಿ ಜೋಡಿಸದೆ ಅಳೆದಾಗ ಸಿಗುವ ವಿಓಸಿ ಸುಮಾರು 22; ಪ್ರವಾಹ ಸುಮಾರು 5.5 ಆಂಪಿಯರ್. 72 ಕೋಶಗಳ 330 ವ್ಯಾಟ್ ಪ್ಯಾನೆಲ್‌ನಲ್ಲಿ ಇವು ಸುಮಾರು 37.5, 46 ಮತ್ತು 8.8. ಚೀಟಿ ಮಾಸಿ ಹೋಗಿದ್ದರೆ ಒಳ್ಳೆಯ ಬಿಸಿಲಿನಲ್ಲಿ ಮಲ್ಟಿಮೀಟರ್ ಹಿಡಿದು ವಿಓಸಿಯನ್ನಾದರೂ ಅಳೆದುಕೊಳ್ಳಬೇಕು.

ಮೂರನ್ನೂ ಸಮಾಂತರವಾಗಿ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ ಎಲ್ಲದರ ವೋಲ್ಟೇಜ್ ಒಂದೇ ಆಗಬೇಕಾಗುತ್ತದೆ, ಮತ್ತು ಚಿಕ್ಕವು ದೊಡ್ಡದನ್ನು 18 ವೋಲ್ಟ್‌ಗೆ ಎಳೆಯುತ್ತವೆ. ಆಗ ದೊಡ್ಡ ಪ್ಯಾನೆಲ್ ಕೊಡುವುದು ತನ್ನ ಶಕ್ತಿಯ ಅರ್ಧದಷ್ಟು ಮಾತ್ರ. ಬ್ಯಾಟರಿ ತುಂಬಿ, ಪ್ಯಾನೆಲ್ ಮತ್ತು ಬ್ಯಾಟರಿಯ ನಡುವೆ ಕೂತು ಚಾರ್ಜನ್ನು ನಿಯಂತ್ರಿಸುವ ಕಂಟ್ರೋಲರ್ ಪ್ರವಾಹ ತೆಗೆದುಕೊಳ್ಳುವುದನ್ನು ನಿಲ್ಲಿಸಿದ ಹೊತ್ತಿನಲ್ಲಿ ದೊಡ್ಡದರ ಪ್ರವಾಹ ಹಿಮ್ಮುಖವಾಗಿ ಚಿಕ್ಕವುಗಳೊಳಗೆ ಹರಿದು ಅವು ಬಿಸಿಯಾಗುತ್ತವೆ. ನನಗೆ ಹೆಚ್ಚು ಕಳವಳ ತರುವುದು ಈ ಸಂಗತಿ. ಮೂರನ್ನೂ ಸರಣಿಯಲ್ಲಿ, ಅಂದರೆ ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಬರುವಂತೆ ಜೋಡಿಸಿದರೆ ತೊಡಕು ಬೇರೆ: ಸರಣಿಯಲ್ಲಿ ಪ್ರವಾಹ ಒಂದೇ ಇರಬೇಕಾದ್ದರಿಂದ ದೊಡ್ಡದೂ 5.5 ಆಂಪಿಯರ್‌ಗೆ ಕಟ್ಟುಬೀಳುತ್ತದೆ, ಸುಮಾರು 100 ವ್ಯಾಟ್ ನಷ್ಟವಾಗುತ್ತದೆ.

ಸರಿಯಾದ ದಾರಿ ಇವೆರಡರ ನಡುವೆ ಇದೆ. ಚಿಕ್ಕ ಪ್ಯಾನೆಲ್‌ಗಳೆರಡನ್ನು ಮೊದಲು ಸರಣಿಯಲ್ಲಿ ಸೇರಿಸಬೇಕು. 18 ಮತ್ತು 18 ಕೂಡಿ 36 ವೋಲ್ಟ್ ಆಗುತ್ತದೆ. ಈ ಜೋಡಿಯನ್ನು 37.5 ವೋಲ್ಟ್‌ನ ದೊಡ್ಡ ಪ್ಯಾನೆಲ್‌ಗೆ ಸಮಾಂತರವಾಗಿ ಸೇರಿಸಿದರೆ ಒಂದೂವರೆ ವೋಲ್ಟ್‌ನ ಅಂತರ ಮಾತ್ರ ಉಳಿಯುತ್ತದೆ, ಅದರಿಂದಾಗುವ ನಷ್ಟವೂ ಅತ್ಯಲ್ಪ. ಸಮಾಂತರದಲ್ಲಿ ಸೇರುವ ಸಾಲುಗಳ ವಿಎಂಪಿ ಶೇಕಡಾ 5ರೊಳಗೆ ಹೊಂದಿಕೊಂಡರೆ ನಾನು ಧೈರ್ಯವಾಗಿ ಸೇರಿಸುತ್ತೇನೆ.

ಹೀಗೆ ಹೊಂದದ ಪ್ಯಾನೆಲ್‌ಗಳಿದ್ದರೆ, ಉದಾಹರಣೆಗೆ ಚಿಕ್ಕದು ಒಂದೇ ಇದ್ದರೆ, ಅದಕ್ಕೆ ಪ್ರತ್ಯೇಕ ಚಾರ್ಜ್ ಕಂಟ್ರೋಲರ್ ಇಟ್ಟು ಎರಡೂ ಕಂಟ್ರೋಲರ್‌ಗಳನ್ನು ಒಂದೇ ಬ್ಯಾಟರಿಗೆ ಸೇರಿಸುವುದು ಎಲ್ಲಕ್ಕಿಂತ ನಿಶ್ಚಿಂತೆಯ ಮಾರ್ಗ. ಬ್ಯಾಟರಿಯ ಬಗೆ ಮತ್ತು ಚಾರ್ಜ್ ವೋಲ್ಟೇಜ್‌ನ ಸೆಟ್ಟಿಂಗ್ ಎರಡೂ ಕಂಟ್ರೋಲರ್‌ಗಳಲ್ಲಿ ಒಂದೇ ಆಗಿರಬೇಕು. ಒಂಟಿ 18 ವೋಲ್ಟ್ ಪ್ಯಾನೆಲ್ 12 ವೋಲ್ಟ್ ಬ್ಯಾಟರಿಯನ್ನು ಮಾತ್ರ ತುಂಬಬಲ್ಲದು, 24 ವೋಲ್ಟ್‌ನದನ್ನಲ್ಲ ಎಂಬುದನ್ನು ಮರೆಯಬಾರದು. ಇಲ್ಲಿ ಹೇಳಿದ ಲೆಕ್ಕಗಳೆಲ್ಲ ಪ್ಯಾನೆಲನ್ನು ಅದು ಅತಿ ಹೆಚ್ಚು ಶಕ್ತಿ ಕೊಡುವ ವೋಲ್ಟೇಜಿನಲ್ಲೇ ದುಡಿಸುವ ಎಂಪಿಪಿಟಿ ಕಂಟ್ರೋಲರ್‌ಗೆ ಅನ್ವಯಿಸುತ್ತವೆ; ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಪ್ಯಾನೆಲನ್ನು ಬ್ಯಾಟರಿಯ ವೋಲ್ಟೇಜಿಗೇ ಇಳಿಸುವುದರಿಂದ 12 ವೋಲ್ಟ್ ಬ್ಯಾಟರಿಗೆ 330 ವ್ಯಾಟ್ ಪ್ಯಾನೆಲ್ ಜೋಡಿಸಿದಾಗ ಸಿಗುವುದು 120 ವ್ಯಾಟ್‌ನಷ್ಟು.

ಕಂಟ್ರೋಲರ್ ತಾಳುವ ಗರಿಷ್ಠ ವೋಲ್ಟೇಜನ್ನು ವಿಎಂಪಿಯೊಂದಿಗಲ್ಲ, ವಿಓಸಿಯೊಂದಿಗೆ ಹೋಲಿಸಬೇಕು. ಚೀಟಿಯ ಅಂಕಿ 25 ಡಿಗ್ರಿ ಸೆಲ್ಸಿಯಸ್‌ನದು. ಚಳಿಯಲ್ಲಿ ಪ್ರತಿ ಡಿಗ್ರಿಗೆ ಅದು ಶೇಕಡಾ 0.3ರಷ್ಟು ಏರುತ್ತದೆ. 46 ವೋಲ್ಟ್‌ನ ಎರಡು ಪ್ಯಾನೆಲ್‌ಗಳು ಸರಣಿಯಲ್ಲಿದ್ದರೆ 92 ವೋಲ್ಟ್. 10 ಡಿಗ್ರಿಯ ಮಾಗಿಯ ಬೆಳಗಿನಲ್ಲಿ ಅದು 96 ದಾಟುತ್ತದೆ, 100 ವೋಲ್ಟ್‌ನ ಕಂಟ್ರೋಲರ್‌ಗೆ ಉಳಿಯುವ ಅಂತರ ತೀರ ಕಡಿಮೆ.

ಜೋಡಿಸುವಾಗ ಪ್ಯಾನೆಲ್‌ಗಳ ಮೇಲೆ ದಪ್ಪ ಕಂಬಳಿ ಹೊದಿಸಬೇಕು, ಬ್ಯಾಟರಿಯನ್ನು ಕಂಟ್ರೋಲರ್‌ಗೆ ಮೊದಲು ಸೇರಿಸಿ ಪ್ಯಾನೆಲನ್ನು ಆಮೇಲೆ ಸೇರಿಸಬೇಕು. ಪ್ರವಾಹ ಹರಿಯುತ್ತಿರುವಾಗ ಪ್ಯಾನೆಲ್ ತಂತಿಯ ತುದಿಯಲ್ಲಿರುವ ಎಂಸಿ4 ಕನೆಕ್ಟರ್ ಬಿಚ್ಚಿದರೆ ಕಿಡಿ ಹಾರುತ್ತದೆ. ಡಿಸಿಯ ಕಿಡಿ ಸುಲಭವಾಗಿ ಆರುವುದಿಲ್ಲ. ಮನೆಯ ಎಸಿ ಬ್ರೇಕರನ್ನು ಇಲ್ಲಿ ಬಳಸದೆ ಡಿಸಿ ಬ್ರೇಕರನ್ನೇ ಹಾಕಬೇಕೆನ್ನುವುದೂ ಈ ಕಾರಣಕ್ಕೆ. ಸಾಲುಗಳು ಮೂರಕ್ಕೇರಿದರೆ ಪ್ರತಿ ಸಾಲಿಗೂ ಚೀಟಿಯಲ್ಲಿ ಹೇಳಿದ ಮಿತಿಯೊಳಗಿನ ಫ್ಯೂಸ್ ಬೇಕು.

ಕೊನೆಗೆ, ಬ್ಯಾಟರಿ ಅರ್ಧ ಖಾಲಿಯಿರುವ ದಿನ, ಮೋಡವಿಲ್ಲದ ಮಧ್ಯಾಹ್ನ, ಡಿಸಿ ಕ್ಲಾಂಪ್ ಮೀಟರನ್ನು ಎರಡೂ ಸಾಲುಗಳ ತಂತಿಗೆ ಒಂದೊಂದಾಗಿ ಹಾಕಿ ನೋಡಬೇಕು. ಬ್ಯಾಟರಿ ತುಂಬಿದ್ದರೆ ಕಂಟ್ರೋಲರ್ ತಾನೇ ಪ್ರವಾಹ ತಗ್ಗಿಸುವುದರಿಂದ ಅಳತೆ ದಾರಿ ತಪ್ಪಿಸುತ್ತದೆ. ನಮ್ಮ ಹಳೆಯ ಜೋಡಿ 4.6 ಆಂಪಿಯರ್ ತೋರಿಸಿತು, ಅದು ಸಮಾಧಾನದ ಅಂಕಿ. 2 ಆಂಪಿಯರ್‌ಗಿಂತ ಕೆಳಗಿದ್ದರೆ ಅಡಿಕೆ ಮರದ ನೆರಳು ಬೀಳುತ್ತಿದೆಯೇ ಎಂದು ನೋಡಿ, ನೆರಳಿಲ್ಲವಾದರೆ ಎರಡನ್ನೂ ಬಿಡಿಬಿಡಿಯಾಗಿ ಅಳೆದು ಕೆಟ್ಟದ್ದನ್ನು ಗುರುತಿಸಬೇಕು.