ಬೇಸ್ ಕ್ಲಾರಿನೆಟ್: ನಾಲ್ಕು ತಿಂಗಳು ಬಾಡಿಗೆ, ಆಮೇಲೆ ಖರೀದಿ

ನಮ್ಮ ತಂದೆ ಕೋಲಾರದ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಅವರ ಬಾಯಲ್ಲಿ ಅದು ಕೊನೆಯವರೆಗೂ ‘ಕ್ಲಾರಿಯೋನೆಟ್’. ಅವರು ತೀರಿಕೊಂಡ ಮೇಲೆ ವಾದ್ಯ ನನ್ನ ಪಾಲಿಗೆ ಬಂತು. ನಾನು ಬಂಗಾರಪೇಟೆಯಲ್ಲಿ ಶಾಲಾ ಶಿಕ್ಷಕ. ವಾರಕ್ಕೆ ಮೂರು ಸಂಜೆ ನಾವು ಮೂವರು ಕ್ಲಾರಿನೆಟ್ ಹಿಡಿದು ಕೂರುತ್ತೇವೆ, ಜೊತೆಗೊಂದು ಡೋಲು. ಮೂರೂ ಮೇಲಿನ ದನಿಗಳು. ಕೇಳುವವರಿಗೆ ಗೋಡೆಯಿದೆ, ಅಡಿಪಾಯವಿಲ್ಲ ಎಂಬಂತಾಗುತ್ತಿತ್ತು. ಒಮ್ಮೆ ಟೆನರ್ ಸ್ಯಾಕ್ಸೊಫೋನ್ ಸೇರಿಸಿ ನೋಡಿದೆವು. ಅದು ನಮ್ಮ ಮೂವರನ್ನೂ ನುಂಗಿಬಿಟ್ಟಿತು.

ಬೇಸ್ ಕ್ಲಾರಿನೆಟ್ಟಿನ ಆಸೆ ಹುಟ್ಟಿಸಿದವನು ಕೆಜಿಎಫ್‌ನ ಗೆಳೆಯ. ರಾಬರ್ಟ್‌ಸನ್‌ಪೇಟೆಯ ಚರ್ಚಿನಲ್ಲಿ ಕ್ರಿಸ್‌ಮಸ್ ಗೀತೆಗಳಿಗೆ ಅವನು ನಾಲ್ಕು ಕ್ಲಾರಿನೆಟ್‌ಗಳ ಸ್ವರಲಿಪಿ ಇಟ್ಟುಕೊಂಡಿದ್ದ. ನಾಲ್ಕನೆಯ ಪಾಲು ಬೇಸ್ ಕ್ಲಾರಿನೆಟ್ಟಿನದು. ನುಡಿಸುವವರಿಲ್ಲದೆ ಆ ಹಾಳೆ ವರ್ಷವರ್ಷವೂ ಹಾಗೆಯೇ ಮಡಚಿಕೊಂಡು ಬಿದ್ದಿರುತ್ತಿತ್ತು. ನಮಗೆ ಕೃತಿಗಳಿಗೆ ತಳದ ದನಿ ಬೇಕಿತ್ತು, ಅವನಿಗೆ ಆ ಹಾಳೆಯನ್ನು ಓದುವವರು ಬೇಕಿತ್ತು.

ಬೇಸ್ ಕ್ಲಾರಿನೆಟ್ ನಮ್ಮ ಕ್ಲಾರಿನೆಟ್ಟಿನ ಅಣ್ಣ. ಬೆರಳುಗಳ ಲೆಕ್ಕ ಬಹುಪಾಲು ಅದೇ, ದನಿ ಒಂದು ಸ್ಥಾಯಿ ಕೆಳಗೆ. ನಮ್ಮದರ ಕೊಳವೆಯ ಒಳವ್ಯಾಸ ಸುಮಾರು 15 ಮಿಲಿಮೀಟರ್, ಇದರದು 23-24. ಬಾಯಿಯ ಕಡೆ ಬಾಗಿದ ಲೋಹದ ಕತ್ತು, ಕೆಳಗೆ ಮೇಲ್ಮುಖವಾಗಿ ತಿರುಗಿದ, ಗಂಟೆಯಾಕಾರದ ಲೋಹದ ತುದಿ. ದೂರದಿಂದ ನೋಡಿದವರು ಸ್ಯಾಕ್ಸೊಫೋನ್ ಎಂದೇ ತಿಳಿಯುತ್ತಾರೆ. ಎರಡಕ್ಕೂ ಒಂದು ನಂಟೂ ಇದೆ. ಸ್ಯಾಕ್ಸೊಫೋನ್ ಮಾಡಿದ ಅಡಾಲ್ಫ್ ಸ್ಯಾಕ್ಸ್ ಅದಕ್ಕೂ ಮುಂಚೆ, 1838ರಲ್ಲಿ, ಬೇಸ್ ಕ್ಲಾರಿನೆಟ್ಟನ್ನು ಸುಧಾರಿಸಿ ಪೇಟೆಂಟ್ ಪಡೆದಿದ್ದರು.

ನೇರವಾಗಿ ಕೊಂಡುಬಿಡುವ ಆತುರ ನನಗಿತ್ತು. ತಡೆದವರು ಬೆಂಗಳೂರಿನ ಒಬ್ಬ ಹಿರಿಯ ವಾದಕರು. ಅವರ ಬಳಿ ಕಲಿಯುವವರಿಗೆಂದು ಇಟ್ಟ ಪ್ಲಾಸ್ಟಿಕ್ ಮೈಯ ಒಂದು ವಾದ್ಯವಿತ್ತು. ತಿಂಗಳಿಗೆ 3,500 ರೂಪಾಯಿ ಬಾಡಿಗೆ, 40,000 ಮುಂಗಡ, ನಾಲ್ಕು ತಿಂಗಳಿಗೆ ಮಾತಾಯಿತು. ಪರಿಚಯದವರು ಎಂದು ಬಾಯಿಮಾತಿನಲ್ಲೇ ಬಿಡದೆ ಒಂದು ಕಾಗದದಲ್ಲಿ ಬರೆದುಕೊಂಡೆವು. ಆಗಲೇ ಇದ್ದ ಗೀರುಗಳ ಫೋಟೊ ತೆಗೆದೆವು. ರಂಧ್ರ ಮುಚ್ಚುವ ಮೆತ್ತೆ, ಅಂದರೆ ಪ್ಯಾಡು, ಸವೆದರೆ ಖರ್ಚು ಅವರದು, ಬೆರಳಿನಿಂದ ಒತ್ತುವ ಕೀಗಳು ಬಿದ್ದು ಬಾಗಿದರೆ ಖರ್ಚು ನನ್ನದು. ಮುಂಗಡ ಯಾವಾಗ ವಾಪಸು ಬರುತ್ತದೆ ಎಂಬುದೂ ಆ ಕಾಗದದಲ್ಲಿತ್ತು. ಕೊನೆಗೆ ಅದನ್ನು ತೆರೆಯುವ ಪ್ರಸಂಗವೇ ಬರಲಿಲ್ಲ. ಆದರೂ ಅದು ಇದ್ದುದರಿಂದ ನಾಲ್ಕು ತಿಂಗಳು ನಿಶ್ಚಿಂತೆಯಾಗಿ ನುಡಿಸಿದೆ.

ಮೊದಲ ದಿನ ಅವರ ಎದುರಿಗೇ ಊದಿದೆ. ಕೀರಲು ಸದ್ದು ಬಂತೇ ವಿನಾ ಸ್ವರ ಬರಲಿಲ್ಲ. ಇಪ್ಪತ್ತು ವರ್ಷ ಸಣ್ಣ ಕ್ಲಾರಿನೆಟ್ ಕಚ್ಚಿ ಹಿಡಿದ ಬಾಯಿ ಅದು. ಅವರೆಂದರು: “ತುಟಿ ಬಿಗಿಯಬೇಡಪ್ಪಾ. ಬಿಸಿ ಕಾಫಿ ಆರಿಸುವ ಹಾಗೆ ಊದುತ್ತಿದ್ದೀಯ. ಕನ್ನಡಕದ ಗಾಜು ಒರೆಸುವ ಮೊದಲು ಆವಿ ಹಿಡಿಸುತ್ತೀಯಲ್ಲ, ಹಾಗೆ ಊದು.” ದವಡೆ ಸಡಿಲ ಬಿಟ್ಟು, ಗಂಟಲು ತೆರೆದು ಊದಿದಾಗ ನೆಲದ ಒಳಗಿಂದ ಎದ್ದಂತಹ ಒಂದು ಸ್ವರ ಬಂತು. ಕೈಯಲ್ಲಿ ಹಿಡಿದ ಕೊಳವೆಯ ನಡುಕ ಮೊಣಕೈವರೆಗೂ ಹತ್ತಿತು. ಆ ಕ್ಷಣವೇ ಇದನ್ನು ಬಿಡುವುದಿಲ್ಲ ಎಂದುಕೊಂಡೆ.

ಅಂಗಡಿಯಲ್ಲಿ ನಿಂತು ಎಷ್ಟು ವಿಚಾರಿಸಿದ್ದರೂ ತಿಳಿಯದಂಥ ಮೂರು ಸಂಗತಿಗಳು ಬಾಡಿಗೆಯ ದಿನಗಳಲ್ಲಿ ತಿಳಿದವು. ಒಂದು, ಕೂರುವುದು. ನಾವು ವೇದಿಕೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವವರು. ಒಂದು ಮೀಟರಿಗೂ ಉದ್ದವಾದ, ತಳದಲ್ಲಿ ನೆಲಕ್ಕೆ ಊರುವ ಕಡ್ಡಿಯಿರುವ ವಾದ್ಯವನ್ನು ಹಾಗೆ ಕುಳಿತು ನುಡಿಸಲಾಗದು. ಕುರ್ಚಿ ಬೇಕೇ ಬೇಕು. ಈಗ ನಾನು ಉಳಿದವರ ಹಿಂದೆ ಸ್ಟೂಲಿನ ಮೇಲೆ ಕೂರುತ್ತೇನೆ. ಕಡ್ಡಿಯ ಎತ್ತರ ಸರಿಯಾಗಿದ್ದರೆ ಭಾರವೆಲ್ಲ ನೆಲಕ್ಕೆ ಹೋಗುತ್ತದೆ, ಬಲ ಹೆಬ್ಬೆರಳು ನೋಯುವುದಿಲ್ಲ.

ಎರಡನೆಯದು ಗಮಕ. ತಂದೆಯ ಕ್ಲಾರಿನೆಟ್ಟಿನಲ್ಲಿ ಬೆರಳು ನೇರವಾಗಿ ರಂಧ್ರದ ಮೇಲೆ ಕೂರುತ್ತದೆ. ಅರ್ಧ ತೆರೆದು, ಜಾರಿಸಿ, ಸ್ವರವನ್ನು ಅಲುಗಿಸಬಹುದು. ತಿರುಚ್ಚಿಯ ಎ.ಕೆ.ಸಿ. ನಟರಾಜನ್ ಅವರ ಕ್ಲಾರಿನೆಟ್ ಕೇಳಿ ಬೆಳೆದವರು ನಾವು. ಗಮಕ ಬಿಟ್ಟು ನಮಗೆ ಸಂಗೀತವಿಲ್ಲ. ಬೇಸ್ ಕ್ಲಾರಿನೆಟ್ಟಿನ ರಂಧ್ರಗಳು ಬೆರಳಿಗೆ ದೊಡ್ಡವು, ಆದ್ದರಿಂದ ಮುಚ್ಚಳದಂತಹ ಪ್ಯಾಡುಗಳೇ ಅವನ್ನು ಮುಚ್ಚುತ್ತವೆ. ಬೆರಳು ಜಾರಿಸಲು ಜಾಗವಿಲ್ಲ. ತುಟಿ, ಉಸಿರು, ಕೀಯನ್ನು ನಿಧಾನವಾಗಿ ಒತ್ತುವ ರೀತಿ, ಇವುಗಳಿಂದಲೇ ಗಮಕ ಹುಟ್ಟಬೇಕು. ಮುಚ್ಚಳದ ಕೀಗಳಿರುವ ಸ್ಯಾಕ್ಸೊಫೋನಿನಲ್ಲಿ ಕದ್ರಿ ಗೋಪಾಲನಾಥ್ ಅದನ್ನು ಸಾಧಿಸಿ ತೋರಿಸಿದ್ದು ನನಗೆ ಧೈರ್ಯ ಕೊಟ್ಟಿತು. ನನಗೆ ಇನ್ನೂ ಕಾಂಭೋಜಿ ಕೈಗೆ ಹತ್ತಿಲ್ಲ. ಮೋಹನ, ಹಂಸಧ್ವನಿ ಚೆನ್ನಾಗಿ ಬರುತ್ತವೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ: ಎಷ್ಟು ಕೆಳಕ್ಕೆ ಇಳಿಯುವ ವಾದ್ಯ ಬೇಕು? ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಪಾಶ್ಚಾತ್ಯ ಸ್ವರಲಿಪಿಯ ಕೆಳಗಿನ ‘ಇ ಫ್ಲ್ಯಾಟ್’ ಸ್ವರದವರೆಗೆ ಹೋಗುವುದು. ಇನ್ನೊಂದು ಅದಕ್ಕೂ ಕೆಳಗಿನ ಸಿ ವರೆಗೆ ಹೋಗುವುದು. ಎರಡನೆಯದು ಉದ್ದ, ಭಾರ, ಕೀಗಳು ಹೆಚ್ಚು, ಬೆಲೆಯೂ ಬಹಳ ಹೆಚ್ಚು. ವೃತ್ತಿಪರರ ವಾದ್ಯ ಅದೇ ಎಂದು ಎಲ್ಲರೂ ಹೇಳುತ್ತಾರೆ. ವಾದ್ಯವೃಂದದಲ್ಲಿ ನುಡಿಸುವವರಿಗೆ ಅದು ನಿಜ. ನಾನು ನಮ್ಮ ಶ್ರುತಿಗೆ ಲೆಕ್ಕ ಹಾಕಿದೆ. ನಮ್ಮ ಷಡ್ಜ ಬಿ ಫ್ಲ್ಯಾಟ್. ಈ ವಾದ್ಯದ ಹಾಳೆಯಲ್ಲಿ ಸಿ ಎಂದು ಬರೆದ ಸ್ವರ ಕಿವಿಗೆ ಕೇಳಿಸುವುದೂ ಬಿ ಫ್ಲ್ಯಾಟ್ ಆಗಿಯೇ. ಉಳಿದ ಕ್ಲಾರಿನೆಟ್‌ಗಳ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗಿನ ಷಡ್ಜ ಈ ವಾದ್ಯದಲ್ಲಿ ಸಲೀಸಾಗಿ ಬರುತ್ತದೆ. ಅಲ್ಲಿಂದ ಕೆಳಕ್ಕೆ ನಿಷಾದ, ಧೈವತ, ಪಂಚಮ, ಮಧ್ಯಮ, ಕೊನೆಗೆ ಸಾಧಾರಣ ಗಾಂಧಾರ. ಇ ಫ್ಲ್ಯಾಟ್ ವಾದ್ಯ ಅಲ್ಲಿಗೆ ಮುಗಿಯುತ್ತದೆ. ಸಿ ವಾದ್ಯವಾದರೆ ರಿಷಭವೂ ಇನ್ನೊಂದು ಷಡ್ಜವೂ ಸಿಗುತ್ತವೆ. ನಾವು ನುಡಿಸುವ ಕೃತಿಗಳಲ್ಲಿ ಮಂದ್ರ ಪಂಚಮಕ್ಕಿಂತ ಕೆಳಗೆ ಹೋಗುವುದೇ ಅಪರೂಪ. ಗೆಳೆಯನ ಕ್ರಿಸ್‌ಮಸ್ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದೆ, ಇ ಫ್ಲ್ಯಾಟ್ ದಾಟಿದ ಸ್ವರ ಒಂದೂ ಇರಲಿಲ್ಲ. ಅಲ್ಲದೆ ಆ ಕೊನೆಯ ಷಡ್ಜದ ಕಂಪನ ಸೆಕೆಂಡಿಗೆ ಸುಮಾರು 58. ನಮ್ಮೂರ ಪೆಂಡಾಲಿನ ಧ್ವನಿವರ್ಧಕಗಳಲ್ಲಿ ಅಷ್ಟು ಕೆಳಗಿನದು ಕೇಳಿಸುವುದೇ ಇಲ್ಲ. ಎರಡು ಸ್ವರಕ್ಕಾಗಿ ಎರಡುಪಟ್ಟು ಹಣ ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ.

ಇದಾದ ಮೇಲೂ ಒಮ್ಮೆ ಮನಸ್ಸು ಜಾರಿತು. ಒಬ್ಬರು ಮರದ ಮೈಯ, ಸಿ ವರೆಗಿನ ಹಳೆಯ ವಾದ್ಯವನ್ನು 2,40,000ಕ್ಕೆ ಮಾರುತ್ತಿದ್ದಾರೆಂದು ತಿಳಿದು ನೋಡಲು ಹೋದೆ. ಆಫ್ರಿಕಾದ ಕರಿಮರ, ಬೆಳ್ಳಿಯ ಮೆರುಗಿನ ಕೀಗಳು. ನೋಡಲು ದೇವರ ಉತ್ಸವಮೂರ್ತಿಯ ಹಾಗಿತ್ತು. ದನಿಯೂ ತುಂಬಿದ ದನಿ. ಮೇಲಿನ ಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದಾಗ ಒಂದು ರಂಧ್ರದಿಂದ ಇನ್ನೊಂದರ ಕಡೆಗೆ ಕೂದಲೆಳೆಯಂಥ ಗೆರೆ ಕಂಡಿತು. ಉಗುರಿನಲ್ಲಿ ಸವರಿದೆ, ಉಗುರು ಸಿಕ್ಕಿಕೊಂಡಿತು. ಅಂದರೆ ಅದು ಮರದ ಎಳೆಯಲ್ಲ, ಬಿರುಕು. ಮಾರುವವರು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಬಿರುಕನ್ನು ಸರಿಪಡಿಸಬಹುದು, ಸರಿಪಡಿಸಿದ ವಾದ್ಯಗಳು ಹಲವು ವರ್ಷ ಬಾಳುತ್ತವೆ. ಆದರೆ ಕೋಲಾರ ಜಿಲ್ಲೆಯ ಏಪ್ರಿಲ್ ಬಿಸಿಲು ನನಗೆ ಗೊತ್ತು. ಒಣ ಗಾಳಿ, ಬಯಲು ಪೆಂಡಾಲು, ಒಳಗೆ ಉಸಿರಿನ ತೇವ, ಹೊರಗೆ ಸುಡುವ ಸೆಕೆ. ಮರ ಸೀಳುವುದೇ ಇಂಥ ಏರುಪೇರಿನಿಂದ. ಹೊರಗೆ ನುಡಿಸುವವರಿಗೆ ಪ್ಲಾಸ್ಟಿಕ್ ಮೈಯೇ ಸರಿ ಎಂದು ಅಂದೇ ತೀರ್ಮಾನಿಸಿದೆ. ದನಿಯಲ್ಲಿ ವ್ಯತ್ಯಾಸವಿದೆ, ಇಲ್ಲವೆನ್ನುವುದಿಲ್ಲ. ಬಾಯಿಗೆ ಹಿಡಿಯುವ ತುಂಡು, ಅಂದರೆ ಮೌತ್‌ಪೀಸ್, ಒಳ್ಳೆಯದು ಹಾಕಿದರೆ ಆ ಅಂತರ ಬಹಳ ಕಿರಿದಾಗುತ್ತದೆ.

ಹೆಸರಿಲ್ಲದ ಒಂದು ಹೊಸ ವಾದ್ಯವನ್ನೂ ನೋಡಿದೆ, 85,000. ಉದ್ದದ ಕೀಯೊಂದನ್ನು ಹೆಬ್ಬೆರಳಿನಿಂದ ಸ್ವಲ್ಪ ಒತ್ತಿದರೆ ಅದು ಬಾಗಿ ಹಾಗೆಯೇ ನಿಂತಿತು. ನನ್ನ ವಾದ್ಯ ರಿಪೇರಿ ಮಾಡುವ ಹಿರಿಯರಿಗೆ ಫೋನಿನಲ್ಲಿ ವಿವರಿಸಿದೆ. “ಅದನ್ನು ನನ್ನ ಬಳಿ ತರಬೇಡಿ, ಮೇಷ್ಟ್ರೇ” ಎಂದರು. ನಮ್ಮ ಜಿಲ್ಲೆಯಲ್ಲಿ ಇದರ ರಿಪೇರಿ ಬಲ್ಲವರು ನನಗೆ ಸಿಕ್ಕಿಲ್ಲ. ಏನಾದರೂ ಬೆಂಗಳೂರಿಗೇ ಹೋಗಬೇಕು. ಆದ್ದರಿಂದ ರಿಪೇರಿಯವರು ಮುಟ್ಟಲೊಪ್ಪದ ವಾದ್ಯ ಎಷ್ಟು ಅಗ್ಗವಾದರೂ ನನಗೆ ಬೇಡ. ವಿದೇಶದಿಂದ ತರಿಸುವ ಯೋಚನೆಯನ್ನೂ ಕೈಬಿಟ್ಟೆ. ಊದಿ ನೋಡದೆ ಹಣ ಕೊಡುವುದು ನನ್ನಿಂದಾಗದು.

ಕೊನೆಗೆ ಸಿಕ್ಕಿದ್ದು ಯಮಹಾ ಕಂಪನಿಯ 221 ಮಾದರಿ, ಪ್ಲಾಸ್ಟಿಕ್ ಮೈ, ಇ ಫ್ಲ್ಯಾಟ್‌ವರೆಗೆ, ಎರಡು ತುಂಡಾಗಿ ಬಿಚ್ಚಿ ಪೆಟ್ಟಿಗೆಯಲ್ಲಿಡುವಂಥದ್ದು. ಮಾಲೀಕರು ಕೇಳಿದ ಬೆಲೆ 1,20,000. ಅದನ್ನು ಪರೀಕ್ಷಿಸಿದ ಬಗೆಯನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿಯೇ ಹಣ ಉಳಿಯುವುದು ಅಥವಾ ಹೋಗುವುದು.

ಮೊದಲು ಅತಿ ಕೆಳಗಿನ ಸ್ವರ, ಅದೂ ಪಿಸುಮಾತಿನಷ್ಟು ಮೆಲ್ಲಗೆ. ಜೋರಾಗಿ ಊದಿದರೆ ಸೋರುವ ವಾದ್ಯವೂ ಹೇಗೋ ನುಡಿದುಬಿಡುತ್ತದೆ. ಮೆಲ್ಲಗೆ ಊದಿದಾಗ ಅದರ ಬಣ್ಣ ಬಯಲಾಗುತ್ತದೆ. ಕೆಳಗಿನ ಸ್ವರಕ್ಕೆ ಮೇಲಿನ ಎಲ್ಲ ಪ್ಯಾಡುಗಳೂ ಗಟ್ಟಿಯಾಗಿ ಮುಚ್ಚಿರಬೇಕು. ಆದ್ದರಿಂದ ಕೆಳಗಿನದು ಒದ್ದಾಡಿದರೆ ದೋಷವನ್ನು ಮೇಲಿನಿಂದ ಹುಡುಕುತ್ತಾ ಬರಬೇಕು. ಈ ವಾದ್ಯದಲ್ಲಿ ಇ ಫ್ಲ್ಯಾಟ್ ಬಂತು, ಆದರೆ ಹತ್ತು ಎಣಿಸುವಷ್ಟರಲ್ಲಿ ಎರಡು ಸಲ ಮುರಿಯಿತು. ಮಾಲೀಕರನ್ನು ಕೇಳಿ ಕಿಟಕಿಯ ಪರದೆ ಎಳೆಸಿದೆ. ದೀಪಾವಳಿಗೆ ಹಾಕುವಂಥ ಸಣ್ಣ ಎಲ್‌ಇಡಿ ದೀಪಗಳ ಸರವನ್ನು ಕೊಳವೆಯೊಳಗೆ ಇಳಿಬಿಟ್ಟು, ಕೀಗಳನ್ನು ಹಗುರವಾಗಿ ಮುಚ್ಚಿದೆ. ಕತ್ತಲಲ್ಲಿ ಕೆಳಗಿನ ತುಂಡಿನ ಒಂದು ಪ್ಯಾಡಿನ ಅಂಚಿನಲ್ಲಿ ಬಾಲಚಂದ್ರನಂಥ ಬೆಳಕಿನ ಗೆರೆ ಮೂಡಿತು. ಸಿಗರೇಟಿನ ತೆಳು ಕಾಗದದ ಪಟ್ಟಿಯನ್ನು ಅಲ್ಲಿಟ್ಟು ಮುಚ್ಚಿ ಎಳೆದೆ, ತಡೆಯೇ ಇಲ್ಲದೆ ಜಾರಿ ಬಂತು. ಉಳಿದ ಕಡೆ ಕಾಗದ ಬಿಗಿಯಾಗಿ ಹಿಡಿಯಿತು. ಮಾಲೀಕರೂ ಬಗ್ಗಿ ನೋಡಿ, ತಮಗಿದು ತಿಳಿದಿರಲಿಲ್ಲ ಎಂದರು. ಅವರ ಮಾತನ್ನು ನಾನು ನಂಬಿದೆ.

ಆಮೇಲೆ ಮೇಲಿನ ಸ್ಥಾಯಿ. ಮೇಲಿನ ಸ್ಥಾಯಿಯ ಕೀ ಒತ್ತಿದಾಗ ಕ್ಲಾರಿನೆಟ್ ಸ್ಯಾಕ್ಸೊಫೋನಿನಂತೆ ಎಂಟನೆಯ ಸ್ವರಕ್ಕೆ ಜಿಗಿಯುವುದಿಲ್ಲ, ಹನ್ನೆರಡನೆಯದಕ್ಕೆ ಜಿಗಿಯುತ್ತದೆ. ಆ ಜಿಗಿತದ ಆಚೆಯ ಮೊದಲ ಐದಾರು ಸ್ವರಗಳು ಅಗ್ಗದ ವಾದ್ಯಗಳಲ್ಲಿ ಶೀತವಾದ ಮೂಗಿನಂತೆ ಕಟ್ಟಿಕೊಂಡಿರುತ್ತವೆ. ದುಬಾರಿ ವಾದ್ಯಗಳಲ್ಲಿ ಇದಕ್ಕೆಂದೇ ಎರಡು ಗಾಳಿರಂಧ್ರಗಳು ತಾವಾಗಿಯೇ ಬದಲಾಗುವ ವ್ಯವಸ್ಥೆಯಿರುತ್ತದೆ. ನನ್ನ ಕೆಲಸ ಹೆಚ್ಚಾಗಿ ಕೆಳಗಿನ ದನಿಯದು, ಆದ್ದರಿಂದ ಇಲ್ಲಿ ಕೊಂಚ ರಾಜಿಯಾದೆ. ಮೇಲೆ ರಾಗಾಲಾಪನೆ ಮಾಡಬೇಕೆನ್ನುವವರು ಮಾತ್ರ ಇಲ್ಲಿ ರಾಜಿಯಾಗಬಾರದು.

ಸೋರುವ ಪ್ಯಾಡು ತೋರಿಸಿ ಮಾತಾಡಿ 1,08,000ಕ್ಕೆ ಒಪ್ಪಿಸಿದೆ. ಪ್ಯಾಡು ಬದಲಿಸಿ ಕೀಗಳನ್ನು ಹೊಂದಿಸಲು ಮತ್ತೆ 9,000 ಆಯಿತು. ಬಾಡಿಗೆಗೆ ಹೋದ 14,000 ಸೇರಿಸಿದರೂ ನಾನು ನೋಡಲು ಹೋಗಿದ್ದ ಆ ಮರದ ವಾದ್ಯದ ಅರ್ಧ ಬೆಲೆಗಿಂತ ಬಹಳ ಹೆಚ್ಚಾಗಲಿಲ್ಲ. ವರ್ಷಕ್ಕೆ ಕ್ರಿಸ್‌ಮಸ್ಸಿಗೊಮ್ಮೆ ಮಾತ್ರ ನುಡಿಸುವುದಾಗಿದ್ದರೆ ಕೊಳ್ಳುತ್ತಲೇ ಇರಲಿಲ್ಲ, ಡಿಸೆಂಬರಿಗೆ ಬಾಡಿಗೆಗೆ ತರುತ್ತಿದ್ದೆ.

ತಂದ ದಿನವೇ ಒಂದು ಗಾಬರಿ ಕಾದಿತ್ತು. ಬೆಂಗಳೂರಿನಿಂದ ಮಾರಿಕುಪ್ಪಂ ರೈಲಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದೆ. ಮನೆಯಲ್ಲಿ ಜೋಡಿಸಿ ಊದಿದರೆ ಕೆಳಗಿನ ಅರ್ಧ ಸ್ವರಗಳು ನಾಪತ್ತೆ. ರಿಪೇರಿಯವರ ಬಳಿ ಅಷ್ಟು ಚೆನ್ನಾಗಿ ನುಡಿದಿದ್ದ ವಾದ್ಯ! ಹೆಂಡತಿ ಕೊಟ್ಟ ಕಾಫಿ ತಣ್ಣಗಾಯಿತು. ಅರ್ಧ ಗಂಟೆಯ ನಂತರ ಕಣ್ಣಿಗೆ ಬಿತ್ತು: ಎರಡು ತುಂಡುಗಳು ಸೇರುವಲ್ಲಿ ಮೇಲಿನ ಕೀ ಕೆಳಗಿನದನ್ನು ಒತ್ತುವ ಒಂದು ಸಣ್ಣ ಸೇತುವೆಯಿದೆ. ನಾನು ಜೋಡಿಸುವಾಗ ಅದು ಗೋಧಿಕಾಳಿನಷ್ಟು ಪಕ್ಕಕ್ಕೆ ಸರಿದಿತ್ತು. ಕೆಳಗಿನ ತುಂಡನ್ನು ಅಷ್ಟೇ ತಿರುಗಿಸಿದೆ. ಇ ಫ್ಲ್ಯಾಟ್ ತುಂಬಿ ಬಂತು. ಈಗ ಎರಡು ತುಂಡುಗಳ ಮೇಲೂ ಬಿಳಿ ಬಣ್ಣದ ಚುಕ್ಕಿ ಇಟ್ಟಿದ್ದೇನೆ, ಚುಕ್ಕಿಗೆ ಚುಕ್ಕಿ ಸೇರಿಸಿ ಕೂಡಿಸುತ್ತೇನೆ.

ರೀಡಿನ, ಅಂದರೆ ಊದಿದಾಗ ಕಂಪಿಸಿ ದನಿ ಹುಟ್ಟಿಸುವ ತೆಳು ಪಟ್ಟಿಯ, ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಮಾಮೂಲಿ ಕ್ಲಾರಿನೆಟ್ ರೀಡು ಪೆಟ್ಟಿಗೆಗೆ ಹತ್ತು ಬರುತ್ತವೆ, ಇದರದು ಐದೇ. ನಾನು ಗಟ್ಟಿತನದ ಅಳತೆಯಲ್ಲಿ ಎರಡೂವರೆ ಸಂಖ್ಯೆಯದನ್ನು ಬಳಸುತ್ತೇನೆ. ಸಿಗದಿದ್ದಾಗ ಟೆನರ್ ಸ್ಯಾಕ್ಸೊಫೋನಿನ ರೀಡನ್ನೂ ಕಟ್ಟಿದ್ದೇನೆ, ಅಳತೆ ಹೆಚ್ಚುಕಡಿಮೆ ಒಂದೇ.

ಕಳೆದ ಡಿಸೆಂಬರಿನಲ್ಲಿ ರಾಬರ್ಟ್‌ಸನ್‌ಪೇಟೆಯಲ್ಲಿ ಆ ನಾಲ್ಕನೆಯ ಹಾಳೆ ಮೊದಲ ಬಾರಿಗೆ ಸ್ಟ್ಯಾಂಡಿನ ಮೇಲೆ ಬಿಚ್ಚಿಕೊಂಡಿತು. ಮಡಿಕೆಯ ಗೆರೆಯಲ್ಲಿ ಎರಡು ಸ್ವರಗಳು ಅಳಿಸಿಹೋಗಿದ್ದವು. ಗೆಳೆಯ ಪೆನ್ಸಿಲಿನಲ್ಲಿ ತಿದ್ದಿಕೊಟ್ಟ. ಈಗ ಮೇಲಿನ ತುಂಡಿನ ಕಾರ್ಕ್ ಸಡಿಲವಾಗಿದೆ. ಭಾನುವಾರ ಬೆಳಗಿನ ರೈಲಿಗೆ ಬೆಂಗಳೂರಿಗೆ ಒಯ್ಯಬೇಕು.